ಮೂಡಿಗೆರೆಯಲ್ಲಿ ಬರೆದು ಬದುಕಿದವರು

ಕನ್ನಡ ಎಂ.ಎ. ಮಾಡಿದವರು ಮೇಷ್ಟ್ರಾಗಬೇಕು ಎಂಬುದು 1960ರ ದಶಕದಲ್ಲಿ ಯಾರೂ ಬರೆದಿಡದಿದ್ದರೂ ಎಲ್ಲರೂ ಪಾಲಿಸುತ್ತಿದ್ದ ನಿಯಮ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದ, ಕುವೆಂಪು ಅವರ ಮಗನಾದ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರಿಗೆ ಆ ದಾರಿ ಇನ್ನಷ್ಟು ಸಲೀಸಾಗಿತ್ತು. ಅವರು ಅದರ ಕಡೆ ತಿರುಗಿಯೂ ನೋಡದೆ ಮೂಡಿಗೆರೆಯ ಕಾಡಿನ ಅಂಚಿಗೆ ಬಂದು ತೋಟ ಮಾಡಲು ನಿಂತರು. ಮೊದಲು ‘ಚಿತ್ರಕೂಟ’, ಆಮೇಲೆ ಹ್ಯಾಂಡ್‌ಪೋಸ್ಟ್ ಹತ್ತಿರದ ‘ನಿರುತ್ತರ’. 1966ರಲ್ಲಿ ರಾಜೇಶ್ವರಿಯವರ ಜೊತೆ ಮಂತ್ರಮಾಂಗಲ್ಯದ ಸರಳ ಮದುವೆ. 2007ರ ಏಪ್ರಿಲ್ 5ರಂದು ಕೊನೆಯುಸಿರೆಳೆಯುವವರೆಗೂ ಅವರ ವಿಳಾಸ ಮೂಡಿಗೆರೆಯೇ.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಇವತ್ತು ಬರೆಯಲು, ಫೋಟೊ ತೆಗೆಯಲು, ಹಾಡಲು, ಸಿನಿಮಾ ಮಾಡಲು ಹೊರಟಿರುವ ಹುಡುಗ ಹುಡುಗಿಯರನ್ನು ಕಾಡುವ ಪ್ರಶ್ನೆ ಒಂದೇ: ಇದರಲ್ಲಿ ಹೊಟ್ಟೆ ತುಂಬುತ್ತದೆಯೇ? ಕೈಯಲ್ಲಿರುವ ಫೋನು ಲಕ್ಷಾಂತರ ಜನರಿಗೆ ತಲುಪಿಸುತ್ತದೆ, ಆದರೆ ತಿಂಗಳ ಕೊನೆಗೆ ಕರೆಂಟ್ ಬಿಲ್ಲಿನಷ್ಟು ದುಡ್ಡನ್ನೂ ತಂದುಕೊಡುವುದಿಲ್ಲ. ಆ ಪ್ರಶ್ನೆ ಎದ್ದಾಗಲೆಲ್ಲ ಈ ಸೀಮೆಯವರು ನೆನೆಯುವುದು ಸ್ಕೂಟರಿನಲ್ಲಿ ಮೂಡಿಗೆರೆ ಪೇಟೆಗೆ ಬರುತ್ತಿದ್ದ ತೇಜಸ್ವಿಯವರನ್ನು. ಅವರು ಕಥೆಗಾರರೆಂಬುದು ಎಲ್ಲರಿಗೂ ಗೊತ್ತು. ಜೊತೆಗೆ ಅವರು ಬೆಳೆಗಾರ, ಪ್ರಕಾಶಕ, ಛಾಯಾಗ್ರಾಹಕ, ಅನುವಾದಕ, ಕನ್ನಡ ತಂತ್ರಾಂಶಕ್ಕಾಗಿ ಹಟ ಹಿಡಿದ ಕೆಲಸಗಾರ ಎಲ್ಲವೂ ಆಗಿದ್ದರು. ಅಷ್ಟು ಕೆಲಸಗಳನ್ನು ಅವರು ಯಾಕೆ ಮೈಮೇಲೆ ಎಳೆದುಕೊಂಡರು ಎಂಬುದರಲ್ಲಿ ಇವತ್ತಿನ ಪ್ರಶ್ನೆಗೆ ಬೇಕಾದ ಉತ್ತರದ ಬಹುಪಾಲು ಇದೆ.

ಕಾಫಿ ತೋಟ ಎಂದ ಕೂಡಲೇ ದೂರದವರ ಕಣ್ಣಿಗೆ ಕಾಣುವುದು ಮಂಜು, ಬಂಗಲೆ, ಬಿಡುವು. ಒಳಗಿದ್ದವರ ವರ್ಷ ಬೇರೆ ಥರ. ಬೇಸಿಗೆಯ ಹೂಮಳೆ ಸರಿಯಾದ ಹೊತ್ತಿಗೆ ಬೀಳಬೇಕು. ಬಿದ್ದರೆ ಇಡೀ ತೋಟ ಮಲ್ಲಿಗೆಯಂತೆ ಬೆಳ್ಳಗಾಗುತ್ತದೆ, ತಪ್ಪಿದರೆ ಆ ವರ್ಷದ ಫಸಲು ಹೋದಂತೆಯೇ. ಆಮೇಲೆ ಮರಗಸಿ, ಗೊಬ್ಬರ, ಕಳೆ, ಕಾಂಡಕೊರಕದ ಕಾಟ. ಮಳೆಗಾಲದಲ್ಲಿ ಕಾಯಿ ಕಪ್ಪಾಗಿ ಉದುರುವ ಕೊಳೆರೋಗ. ನವೆಂಬರಿನಿಂದ ಕುಯ್ಲು, ಪಲ್ಪರ್, ಕಣ, ಒಣಗಿಸುವುದು. ಹಣ್ಣು ಕಣದಲ್ಲಿ ಹರಡಿರುವಾಗ ಅಕಾಲದ ಮಳೆ ಬಂದರೆ ನಡುರಾತ್ರಿಯಾದರೂ ಎದ್ದು ಟಾರ್ಪಾಲು ಹೊದಿಸಬೇಕು. 1980ರಲ್ಲಿ ಬಂದ ‘ಕರ್ವಾಲೊ’ ಕಾದಂಬರಿಯ ನಿರೂಪಕ ಜೇನುತುಪ್ಪಕ್ಕೆಂದು ಮೂಡಿಗೆರೆಯ ಜೇನು ಸೊಸೈಟಿಗೆ ಹೋಗುವಾಗಲೇ ಬೇಸಾಯದಿಂದ ಬೇಸತ್ತು, ಎಲ್ಲ ಮಾರಿ ಹೊರಟುಬಿಡುವ ಯೋಚನೆಯಲ್ಲಿರುತ್ತಾನೆ. ಹಾರುವ ಓತಿಯ ಹುಡುಕಾಟ ಶುರುವಾಗುವುದು ಇಂಥ ರೈತನ ಅಂಗಳದಿಂದ. ತೋಟ ಅವರ ಬರಹವನ್ನು ಸಾಕಿತು ಅನ್ನುವುದು ಅರ್ಧ ಮಾತು. ತೋಟದ ಕಷ್ಟವೇ ಬರಹದ ವಸ್ತುವಾಗಿ ಬಂದಿತು ಎಂದಾಗ ಅದು ಪೂರ್ತಿಯಾಗುತ್ತದೆ.

ಆ ಕಾಲದ ಬೆಳೆಗಾರರಿಗೆ ತಮ್ಮ ಕಾಫಿಯನ್ನು ತಾವೇ ಮಾರುವ ಹಕ್ಕಿರಲಿಲ್ಲ. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆದದ್ದನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ಮಂಡಳಿ ಹರಾಜು ಹಾಕುತ್ತಿತ್ತು, ಹಣವನ್ನು ಕಂತು ಕಂತಾಗಿ ಕೊಡುತ್ತಿತ್ತು. ಬೇಸರ ತರುವ ವ್ಯವಸ್ಥೆ, ಆದರೆ ಒಂದು ಮಟ್ಟದ ಭದ್ರತೆಯೂ ಅದರಲ್ಲಿತ್ತು. 1992ರಿಂದ ಈ ಕಟ್ಟು ಹಂತ ಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಮಾರುಕಟ್ಟೆ ಪೂರ್ತಿ ಮುಕ್ತವಾಯಿತು. ನಡುವೆ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿಯ ಗಿಡಗಳು ಸುಟ್ಟಾಗ ಮಲೆನಾಡಿನಲ್ಲಿ ದರ ಗಗನಕ್ಕೇರಿತು. ಹೊಸ ಜೀಪುಗಳು, ಹೊಸ ಮನೆಗಳು ಬಂದವು. ಐದಾರು ವರ್ಷ ಕಳೆಯುವಷ್ಟರಲ್ಲಿ ವಿಯೆಟ್ನಾಂನ ರೊಬಸ್ಟಾ ಜಗತ್ತಿನ ಗೋದಾಮುಗಳನ್ನು ತುಂಬಿ, 2001ರಲ್ಲಿ ದರ ದಶಕಗಳಷ್ಟು ಹಿಂದಿನ ಮಟ್ಟಕ್ಕೆ ಬಿತ್ತು. ಸ್ವಾತಂತ್ರ್ಯ ಸಿಕ್ಕಿತ್ತು, ಬೆಲೆ ಕೈ ತಪ್ಪಿತ್ತು.

ಕನ್ನಡದಲ್ಲಿ ಬರೆಯುವವರ ಪಾಡೂ ಕಾಲದ ಲೆಕ್ಕದಲ್ಲಿ ಸ್ವಲ್ಪ ತಡವಾಗಿ ಇದೇ ಹಾದಿ ಹಿಡಿಯಿತು. ಹಿಂದೆ ವಾರಪತ್ರಿಕೆ, ಮಾಸಪತ್ರಿಕೆ, ದೀಪಾವಳಿ ವಿಶೇಷಾಂಕಗಳೆಂಬ ಕಟ್ಟು ಇತ್ತು. ಸಂಪಾದಕರು ಒಪ್ಪಬೇಕು, ಅಚ್ಚಾಗಬೇಕು, ಆಮೇಲೆ ಅಂಚೆಯಲ್ಲಿ ಚೆಕ್ಕು ಬರಬೇಕು. 1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ಯಲ್ಲಿ ತೇಜಸ್ವಿಯವರ ಬರಹ ಬರುತ್ತಿದ್ದಾಗ ಓದುಗರು ಬಸ್‌ಸ್ಟ್ಯಾಂಡಿನ ಪತ್ರಿಕೆ ಅಂಗಡಿಯಲ್ಲಿ ಸಂಚಿಕೆಗೆ ಕಾಯುತ್ತಿದ್ದರು. ‘ಅಣ್ಣನ ನೆನಪು’ ಜನರನ್ನು ತಲುಪಿದ್ದು ಮೊದಲು ಹಾಗೆ, ಕಂತುಗಳಲ್ಲಿ.

ಪುಸ್ತಕದ ಲೆಕ್ಕ ಅಂದೂ ಬಡಕಲೇ. 200 ರೂಪಾಯಿ ಮುಖಬೆಲೆಯ ಪುಸ್ತಕ ಸಾವಿರ ಪ್ರತಿ ಖರ್ಚಾಯಿತು ಎಂದುಕೊಳ್ಳಿ. ನೂರಕ್ಕೆ ಹತ್ತರ ರಾಯಲ್ಟಿಯಲ್ಲಿ ಲೇಖಕರಿಗೆ ಬರುವುದು 20,000 ರೂಪಾಯಿ. ಸಾವಿರ ಪ್ರತಿ ಖರ್ಚಾಗಲು ಎರಡು ಮೂರು ವರ್ಷ ಹಿಡಿದರೆ, ಒಂದು ಕಾದಂಬರಿಗೆ ಸುರಿದ ಶ್ರಮದ ತಿಂಗಳ ಕೂಲಿ ಎಷ್ಟೆಂದು ಯಾರು ಬೇಕಾದರೂ ಭಾಗಿಸಿ ನೋಡಬಹುದು.

ಈ ಲೆಕ್ಕ ತೇಜಸ್ವಿಯವರಿಗೆ ಬೇಗ ಅರ್ಥವಾಗಿತ್ತು. ಮೈಸೂರಿನಲ್ಲಿ ಗೆಳೆಯರ ಜೊತೆ ಸೇರಿ ಕಟ್ಟಿದ ‘ಪುಸ್ತಕ ಪ್ರಕಾಶನ’ದಿಂದಲೇ ಅವರ ಪುಸ್ತಕಗಳು ಹೊರಬಂದವು. ಕನ್ನಡಕ್ಕೆ ಇದು ಹೊಸದಲ್ಲ. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಜಿ.ಪಿ. ರಾಜರತ್ನಂ ವಿದ್ಯಾರ್ಥಿಗಳ ಪುಸ್ತಕಗಳನ್ನೂ ಕೈಯಲ್ಲಿ ಹಿಡಿದು ಓದುಗರ ಬಳಿ ಹೋದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ‘ಹರ್ಷ’ದ ಹೆಸರಿನಲ್ಲಿ ತಮ್ಮ ಪುಸ್ತಕಗಳನ್ನು ತಾವೇ ಹೊರತಂದರು. ಬರೆದವರೇ ಅಚ್ಚು, ಕಾಗದ, ಬೆಲೆ, ಮಾರಾಟದ ಬಗ್ಗೆ ತಲೆ ಕೆಡಿಸಿಕೊಂಡ ಈ ಪರಂಪರೆಯಲ್ಲಿ ತೇಜಸ್ವಿಯವರದು ದೊಡ್ಡ ಹೆಸರು.

ಅದರ ಫಲ ‘ಮಿಲೆನಿಯಮ್ ಸರಣಿ’. ಹೊಸ ಸಹಸ್ರಮಾನದ ಹೊಸ್ತಿಲಲ್ಲಿ ಬಂದ ಈ 16 ಪುಸ್ತಕಗಳಲ್ಲಿ ಮಹಾಯುದ್ಧವಿದೆ, ಪೆಸಿಫಿಕ್ ದ್ವೀಪಗಳಿವೆ, ‘ಚಂದ್ರನ ಚೂರು’ ಇದೆ, ಸೈಬೀರಿಯಾದಿಂದ ಓಡಿಬಂದ ಕೈದಿಗಳ ‘ಮಹಾಪಲಾಯನ’ ಇದೆ. ತೆಳ್ಳಗಿನ ಪುಸ್ತಕ, ಹೈಸ್ಕೂಲು ಹುಡುಗರೂ ಕೊಳ್ಳಬಹುದಾದ ಬೆಲೆ. ಕಾದಂಬರಿ ಓದದವರೂ ಈ ಸರಣಿಯನ್ನು ಬಸ್ಸಿನಲ್ಲಿ ಕೂತು ಓದಿದರು. ‘ಚಿದಂಬರ ರಹಸ್ಯ’ಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಲೇಖಕರು ಇಂಥ ಕೆಲಸವನ್ನು ಚಿಲ್ಲರೆ ಎಂದುಕೊಳ್ಳಲಿಲ್ಲ. ಓದುವ ಅಭ್ಯಾಸವನ್ನು ಬೆಳೆಸದೆ ಓದುಗರು ಸಿಗುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಕ್ಯಾಮೆರಾದ ಕಥೆಯೂ ಹೀಗೇ. ಫಿಲ್ಮಿನ ಕಾಲದಲ್ಲಿ ಒಂದು ರೋಲಿಗೆ 36 ಚಿತ್ರ, ಅಷ್ಟೇ. ಗೂಡಿಗೆ ಹುಳು ತರುವ ಹಕ್ಕಿಯ ಒಂದು ಚಿತ್ರಕ್ಕಾಗಿ ಮರೆ ಕಟ್ಟಬೇಕು, ಹಕ್ಕಿಗೆ ಅದು ಅಭ್ಯಾಸವಾಗುವ ತನಕ ದಿನಗಟ್ಟಲೆ ಬಿಡಬೇಕು, ಆಮೇಲೆ ಒಳಗೆ ಕೂತು ಜಿಗಣೆ, ಸೊಳ್ಳೆ ಕಚ್ಚಿದರೂ ಅಲುಗದೆ ಬೆಳಕು ಬರುವುದನ್ನು ಕಾಯಬೇಕು. ರೋಲನ್ನು ಪೇಟೆಗೆ ಕಳಿಸಿ ತೊಳೆಸಿ ತರಿಸುವವರೆಗೆ ಏನು ಸಿಕ್ಕಿದೆ, ಏನು ಹಾಳಾಗಿದೆ ತಿಳಿಯದು. ಮೂವತ್ತಾರರಲ್ಲಿ ಒಂದು ಒಳ್ಳೆಯದು ಬಂದರೆ ಪುಣ್ಯ. ಆ ಕಾಯುವಿಕೆಯಿಂದ ಹುಟ್ಟಿದ್ದು ‘ಮಿಂಚುಳ್ಳಿ’, ‘ಹಕ್ಕಿಪುಕ್ಕ’, ‘ಕನ್ನಡನಾಡಿನ ಹಕ್ಕಿಗಳು’. ಚಿತ್ರವನ್ನು ಅವರು ಒಂಟಿಯಾಗಿ ಬಿಡದೆ ಅದಕ್ಕೆ ಕನ್ನಡದ ಮಾತು ಜೋಡಿಸಿ ಪುಸ್ತಕ ಮಾಡಿದರು. ಹಾಗಾಗಿ ಆ ಚಿತ್ರ ಯಾರದು ಎಂದು ಇವತ್ತಿಗೂ ಯಾರೂ ಕೇಳಬೇಕಾಗಿಲ್ಲ.

ಇನ್ನು ಕಂಪ್ಯೂಟರ್. ಹೊಸ ಯಂತ್ರ ಬಂದರೆ ಸಾಹಿತ್ಯ ಕೆಡುತ್ತದೆ ಎಂದು ಹಲವು ಬರಹಗಾರರು ಹೆದರಿದ್ದ ಕಾಲದಲ್ಲಿ, ತೇಜಸ್ವಿಯವರು ಹೆದರಿದ್ದು ಬೇರೆಯದಕ್ಕೆ: ಆ ಯಂತ್ರದೊಳಗೆ ಕನ್ನಡ ಸರಿಯಾಗಿ ಇಳಿಯದಿದ್ದರೆ ಭಾಷೆಯೇ ಹೊರಗುಳಿಯುತ್ತದೆ ಎಂಬುದಕ್ಕೆ. ಅವರ ಆತಂಕ ಎಷ್ಟು ನಿಜವಾಗಿತ್ತೆಂದು ತಿಳಿಯಲು ‘ಸ್ತ್ರೀ’ ಎಂಬ ಒಂದೇ ಅಕ್ಷರ ಸಾಕು. ಹಳೆಯ ಫಾಂಟುಗಳಲ್ಲಿ ಕಂಪ್ಯೂಟರಿಗೆ ಅದು ಅಕ್ಷರವೇ ಅಲ್ಲ. ಒಂದು ಗುಡಿಸು ಹಾಕಿದ ಆಕಾರ, ಕೆಳಗೊಂದು ತಕಾರದ ಒತ್ತು, ಪಕ್ಕಕ್ಕೊಂದು ರಕಾರದ ಒತ್ತು, ಕೊನೆಗೊಂದು ದೀರ್ಘದ ಕೊಂಡಿ, ಹೀಗೆ ನಾಲ್ಕು ಚೂರುಗಳ ಜೋಡಣೆ. ಒಂದು ಕಂಪನಿಯ ಫಾಂಟಿನಲ್ಲಿ ಟೈಪ್ ಮಾಡಿದ ಕಾದಂಬರಿಯನ್ನು ಇನ್ನೊಂದು ಕಡೆ ತೆರೆದರೆ ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು. ಹುಡುಕಿದರೆ ಪದ ಸಿಗದು, ಅಕಾರಾದಿಯಾಗಿ ಜೋಡಿಸಲು ಬಾರದು. ಯೂನಿಕೋಡ್ ಇದನ್ನು ತಲೆಕೆಳಗು ಮಾಡಿತು. ಅಲ್ಲಿ ‘ಸ್ತ್ರೀ’ ಎಂದರೆ ಸ, ತ, ರ ಎಂಬ ಮೂರು ವ್ಯಂಜನ, ನಡುವೆ ಎರಡು ಹಲಂತ ಚಿಹ್ನೆ, ಕೊನೆಯಲ್ಲೊಂದು ಈಕಾರ. ಯಾವ ಯಂತ್ರದಲ್ಲಿ ತೆರೆದರೂ ಅದೇ ಅಕ್ಷರ.

1998ರಲ್ಲಿ ಶೇಷಾದ್ರಿವಾಸು ಅವರು ‘ಬರಹ’ ತಂತ್ರಾಂಶವನ್ನು ಉಚಿತವಾಗಿ ಕೊಟ್ಟಾಗ, ಆಮೇಲೆ ‘ನುಡಿ’ ಬಂದಾಗ, ಕನ್ನಡಕ್ಕೆ ಯಾವುದು ಸಾಕು, ಯಾವುದು ಸಾಲದು ಎಂಬ ಚರ್ಚೆಯಲ್ಲಿ ಮೂಡಿಗೆರೆಯ ದನಿ ಗಟ್ಟಿಯಾಗಿ ಕೇಳುತ್ತಿತ್ತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೊರತಂದ ‘ಕುವೆಂಪು’ ಕನ್ನಡ ತಂತ್ರಾಂಶದ ಹಿಂದೆ ಅವರ ಒತ್ತಾಸೆಯಿತ್ತು. ಅರವತ್ತು ದಾಟಿದ ಕಾದಂಬರಿಕಾರರೊಬ್ಬರು ಕೀಲಿಮಣೆ, ಫಾಂಟು, ಸಂಕೇತಗಳ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡದ್ದು ಹವ್ಯಾಸಕ್ಕಲ್ಲ. ಅಚ್ಚಿನ ಕೆಲಸವನ್ನು ಗೆಳೆಯರ ಕೈಯಲ್ಲಿಟ್ಟುಕೊಂಡಿದ್ದವರು ಮುಂದಿನ ಕಾಲದ ಅಚ್ಚುಮೊಳೆಯೂ ಕನ್ನಡಿಗರ ಕೈಯಲ್ಲಿರಬೇಕು ಎಂದು ಬಯಸಿದ್ದರು.

ಇಂಟರ್‌ನೆಟ್ ಈ ಬೆಟ್ಟಗಳ ಕಾಫಿಯ ಜೊತೆಗೇ ಬೆಂಗಳೂರಿನ ಬೀದಿಗೆ ಕಾಲಿಟ್ಟಿತು ಅನ್ನುವುದೂ ನೆನಪಿಡಬೇಕಾದ ಸಂಗತಿ. ಮೂಡಿಗೆರೆ ತಾಲ್ಲೂಕಿನ ಬೆಳೆಗಾರ ಕುಟುಂಬದ ವಿ.ಜಿ. ಸಿದ್ಧಾರ್ಥ 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ತೆರೆದ ಮೊದಲ ‘ಕೆಫೆ ಕಾಫಿ ಡೇ’ ಒಂದು ಸೈಬರ್ ಕೆಫೆ ಆಗಿತ್ತು. ಒಂದು ಕಪ್ ಕಾಫಿ, ಒಂದು ಗಂಟೆ ಇಂಟರ್‌ನೆಟ್. ಹತ್ತು ಹದಿನೈದು ವರ್ಷದಲ್ಲಿ ಆ ಸಂಪರ್ಕ ಎಲ್ಲರ ಜೇಬಿಗೆ ಬಂತು. ಮಳೆಗಾಲದಲ್ಲಿ ಕರೆಂಟು ಹೋಗಿ ಟವರು ಸತ್ತ ದಿನಗಳನ್ನು ಬಿಟ್ಟರೆ, ಕಳಸದ ಹುಡುಗಿ ಬರೆದ ಕವಿತೆ ಅದೇ ಗಳಿಗೆಯಲ್ಲಿ ಕ್ಯಾಲಿಫೋರ್ನಿಯಾದ ಕನ್ನಡಿಗರಿಗೆ ಕಾಣುವಂತಾಯಿತು.

ಪತ್ರಿಕೆಗಳ ಕಟ್ಟು ಸಡಿಲಿತು, ಬಾಗಿಲು ಪೂರ್ತಿ ತೆರೆಯಿತು, ಕೂಡಲೇ ಬೆಲೆಯೂ ಕುಸಿಯಿತು. 2001ರ ಕಾಫಿಗೆ ಆದದ್ದು ಹೀಗೆ ಪದಕ್ಕೂ ಚಿತ್ರಕ್ಕೂ ಹಾಡಿಗೂ ಆಯಿತು.

ಲೆಕ್ಕ ನೋಡಿ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ ಚಾನೆಲ್‌ಗೆ ಕನಿಷ್ಠ 1,000 ಚಂದಾದಾರರು ಇರಬೇಕು, ಉದ್ದದ ವಿಡಿಯೊಗಳಾದರೆ ಅವನ್ನು ಜನ ಒಂದು ವರ್ಷದಲ್ಲಿ 4,000 ಗಂಟೆ ನೋಡಿರಬೇಕು. ಆಮೇಲೆ ಜಾಹೀರಾತಿನ ಹಣದಲ್ಲಿ ನೂರಕ್ಕೆ 55 ಪಾಲು. ಸ್ಪಾಟಿಫೈಯಲ್ಲಿ 2024ರಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ರಾಯಲ್ಟಿಯೇ ಇಲ್ಲ. ದೊಡ್ಡ ಭಾಷೆಗಳಲ್ಲಿ ಇದು ಸಣ್ಣ ಮೆಟ್ಟಿಲು. ಕನ್ನಡದಲ್ಲಿ ಸಣ್ಣಕಥೆ ಓದುವ, ಮಲೆನಾಡಿನ ಜನಪದ ಹಾಡು ಹೇಳುವ ಒಬ್ಬರಿಗೆ ಅದೇ ಗೋಡೆ. ಸೋಬಾನೆ ಪದ ಹೇಳಿದ ಅಜ್ಜಿಯ ಹಾಡು ಒಂಬೈನೂರು ಸಲ ಕೇಳಿಸಿಕೊಂಡರೆ, ಆಕೆಗೆ ಬರುವುದು ಸೊನ್ನೆ.

ಫೋಟೊ ತೆಗೆಯುವವರ ಸ್ಥಿತಿ ಇನ್ನೂ ಕಷ್ಟದ್ದು. 2022ರಲ್ಲಿ ಬಾಬಾಬುಡನ್‌ಗಿರಿ ಸಾಲಿನ ಇಳಿಜಾರುಗಳಲ್ಲಿ ನೀಲಕುರಿಂಜಿ ಅರಳಿದಾಗ ಚಿತ್ರಗಳ ಮಳೆಯೇ ಸುರಿಯಿತು. ಬೆಳಗಿನ ಜಾವದ ಚಳಿಯಲ್ಲಿ ಬೆಟ್ಟ ಹತ್ತಿ ತೆಗೆದ ಚಿತ್ರ ಮಧ್ಯಾಹ್ನದೊಳಗೆ ನೂರಾರು ವಾಟ್ಸ್ಆ್ಯಪ್ ಗುಂಪುಗಳಲ್ಲಿ, ಟೂರಿಸ್ಟ್ ಪ್ಯಾಕೇಜುಗಳ ಜಾಹೀರಾತಿನಲ್ಲಿ ಓಡಾಡುತ್ತದೆ. ತೆಗೆದವರ ಹೆಸರು ಮೂಲೆಯಿಂದ ಕತ್ತರಿಸಿ ಹೋಗಿರುತ್ತದೆ. 2019ರಲ್ಲಿ ‘ಬಾಬಾಬುಡನ್‌ಗಿರೀಸ್ ಅರೇಬಿಕಾ’ ಮತ್ತು ‘ಚಿಕ್ಕಮಗಳೂರು ಅರೇಬಿಕಾ’ ಕಾಫಿಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಇದೇ ಬೆಟ್ಟದ ಹೆಸರನ್ನು ಬೇರೆ ಕಡೆಯ ಬೀಜಕ್ಕೆ ಅಂಟಿಸಿ ಮಾರಿದರೆ ಕಾನೂನಿನ ತೊಡಕು. ಇದೇ ಬೆಟ್ಟದ ಚಿತ್ರವನ್ನು ಹೆಸರಿಲ್ಲದೆ ಬಳಸುವುದೂ ಕಾನೂನಿಗೆ ವಿರುದ್ಧವೇ, ಆದರೆ ಮುನ್ನೂರು ರೂಪಾಯಿಯ ಚಿತ್ರಕ್ಕಾಗಿ ಕೋರ್ಟು ಹತ್ತುವವರು ಯಾರು?

ಪುಸ್ತಕಗಳ ಕಥೆ ಪಿಡಿಎಫ್‌ನದು. ಕಷ್ಟಪಟ್ಟು ಅಚ್ಚು ಹಾಕಿಸಿದ ಪುಸ್ತಕವನ್ನು ಯಾರೋ ಪುಟ ಪುಟವಾಗಿ ಸ್ಕ್ಯಾನ್ ಮಾಡಿ ಗುಂಪುಗಳಿಗೆ ಬಿಡುತ್ತಾರೆ. ಕಥೆಗಳನ್ನು ಇಡಿಯಾಗಿ ಓದಿ, ಕೇಳದೆಯೇ ಚಾನೆಲ್‌ಗೆ ಹಾಕುವವರೂ ಇದ್ದಾರೆ. ಅವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ, ಸಾಹಿತ್ಯವನ್ನು ಪ್ರೀತಿಸುವವರೇ. ಆ ಪ್ರೀತಿಯಿಂದ ಪೆಟ್ಟು ಬೀಳುವುದು ಸಾವಿರ ಪ್ರತಿಯ ಲೆಕ್ಕದಲ್ಲಿ ಬದುಕುವ ಸಣ್ಣ ಪ್ರಕಾಶಕರಿಗೆ, ಎರಡನೆಯ ಪುಸ್ತಕಕ್ಕೆ ಧೈರ್ಯ ಕೂಡಿಸುತ್ತಿರುವ ಹೊಸ ಲೇಖಕಿಗೆ.

ಹಾಗಾದರೆ ಉಳಿದುಕೊಂಡವರು ಹೇಗೆ ಉಳಿದರು? ಮೂಡಿಗೆರೆಯ ಪಕ್ಕದ ಸಕಲೇಶಪುರದಲ್ಲಿ ಗಿರಿಮನೆ ಶ್ಯಾಮರಾವ್ ‘ಮಲೆನಾಡಿನ ರೋಚಕ ಕಥೆಗಳು’ ಸರಣಿಯನ್ನು ತಮ್ಮದೇ ಪ್ರಕಾಶನದಿಂದ ಹೊರತಂದು ಓದುಗರನ್ನು ಕಟ್ಟಿಕೊಂಡರು. ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದ ವಸುಧೇಂದ್ರ ‘ಛಂದ ಪುಸ್ತಕ’ ಕಟ್ಟಿ ತಮ್ಮ ಪುಸ್ತಕಗಳ ಜೊತೆ ಹೊಸ ಕಥೆಗಾರರನ್ನೂ ಬೆಳಕಿಗೆ ತಂದರು. ‘ಮೈಲ್ಯಾಂಗ್’ನಂಥ ಕನ್ನಡದ್ದೇ ವೇದಿಕೆಯಲ್ಲಿ ಇ-ಪುಸ್ತಕ, ಕೇಳುಪುಸ್ತಕಗಳನ್ನು ಹಣ ಕೊಟ್ಟು ಪಡೆಯುವ ದಾರಿ ತೆರೆದಿದೆ. ಕಾಫಿಯಲ್ಲೂ ಆದದ್ದು ಇದೇ. ದರ ಬಿದ್ದ ಮೇಲೆ ಕೆಲವು ಬೆಳೆಗಾರರು ತಮ್ಮ ಬೀಜವನ್ನು ತಾವೇ ಹುರಿದು, ತೋಟದ ಹೆಸರನ್ನು ಪ್ಯಾಕೆಟ್ಟಿನ ಮೇಲೆ ಹಾಕಿ, ಕುಡಿಯುವವರಿಗೆ ನೇರವಾಗಿ ಕಳಿಸಲು ಶುರುಮಾಡಿದರು.

ಇದೆಲ್ಲದರಲ್ಲಿ ಎದ್ದು ಕಾಣುವ ಉದಾಹರಣೆ ತೇಜಸ್ವಿಯವರ ಕಥೆಯಿಂದಲೇ ಬಂದಿತು. ‘ಅಬಚೂರಿನ ಪೋಸ್ಟಾಫೀಸು’ 1973ರಲ್ಲೇ ಸಿನಿಮಾ ಆಗಿತ್ತು. ಗಿರೀಶ ಕಾಸರವಳ್ಳಿಯವರ ‘ತಬರನ ಕಥೆ’ 1986ರ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದಿತ್ತು. 2023ರ ಮೇ 19ರಂದು ತೆರೆಗೆ ಬಂದ ‘ಡೇರ್‌ಡೆವಿಲ್ ಮುಸ್ತಾಫಾ’ದ ದಾರಿ ಬೇರೆ. ನಿರ್ದೇಶಕ ಶಶಾಂಕ್ ಸೋಗಾಲ್ ಅವರ ಈ ಚಿತ್ರಕ್ಕೆ ಬಂಡವಾಳ ಹಾಕಿದ್ದು ನೂರರಷ್ಟು ತೇಜಸ್ವಿ ಓದುಗರು. ನಟ ಧನಂಜಯ ಚಿತ್ರವನ್ನು ಅರ್ಪಿಸಿದರು, ಬಿಡುಗಡೆಯ ನಂತರ ರಾಜ್ಯ ಸರ್ಕಾರ ತೆರಿಗೆ ವಿನಾಯಿತಿ ಕೊಟ್ಟಿತು. ಲೇಖಕರು ತೀರಿಕೊಂಡು ಹದಿನಾರು ವರ್ಷವಾದ ಮೇಲೆ ಓದುಗರು ಜೇಬಿಗೆ ಕೈಹಾಕಿ ಸಿನಿಮಾ ಮಾಡಿದರು. ಅವರನ್ನು ಒಟ್ಟುಗೂಡಿಸಿದ್ದು ಇದೇ ಡಿಜಿಟಲ್ ಕಾಲ. ಮೆಚ್ಚಿಕೊಂಡವರು ಹಣ ಕೊಟ್ಟವರೂ ಆದಾಗ ಇದೇ ಇಂಟರ್‌ನೆಟ್ಟಿನಿಂದ ಕಲೆ ಬದುಕುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ತೇಜಸ್ವಿಯವರ ಬದುಕನ್ನು ಹೊಸಬರ ಮುಂದೆ ಆದರ್ಶವೆಂದು ಇಡುವಾಗ ಒಂದು ಮಾತನ್ನು ಮುಚ್ಚಿಡಬಾರದು. ಅವರಿಗೆ ನೆಲವಿತ್ತು. ದೊಡ್ಡ ಮನೆತನದ ಹೆಸರಿತ್ತು, ಅದರ ನೆರಳಿನಿಂದ ಹೊರಬರುವ ಛಲವೂ ಇತ್ತು. ಗೆಳೆಯರ ಬಳಗವಿತ್ತು. ಮನೆ, ತೋಟ, ಅತಿಥಿಗಳು, ಎಲ್ಲದರ ಭಾರವನ್ನೂ ಹಂಚಿಕೊಂಡ ರಾಜೇಶ್ವರಿಯವರಿದ್ದರು. ಅವರು ಬರೆದ ‘ನನ್ನ ತೇಜಸ್ವಿ’ ಓದಿದರೆ ಒಬ್ಬ ಬರಹಗಾರನನ್ನು ಒಂದು ಇಡೀ ಮನೆ ಹೇಗೆ ಹೊತ್ತು ನಡೆಯುತ್ತದೆ ಎಂಬುದು ತಿಳಿಯುತ್ತದೆ. 2021ರ ಡಿಸೆಂಬರಿನಲ್ಲಿ ಅವರೂ ತೀರಿಕೊಂಡರು. ಕಳಸದ ಲೈನ್ ಮನೆಯಲ್ಲಿ ಹುಟ್ಟಿ, ತೋಟದ ಕೂಲಿಯ ನಡುವೆ ಫೋನಿನಲ್ಲಿ ಕಥೆ ಬರೆಯುತ್ತಿರುವ ಹುಡುಗನಿಗೆ ಇದರಲ್ಲಿ ಯಾವುದೂ ಇಲ್ಲ. ‘ಇನ್ನೊಂದು ಉದ್ಯೋಗ ಇಟ್ಟುಕೋ, ಬಿಡುವಿನಲ್ಲಿ ಬರಿ’ ಎಂಬ ಬುದ್ಧಿಮಾತು ಅವನಿಗೆ ಸಾಲದು. ಅವನಿಗೆ ಬೇಕಾದದ್ದು ಕೊಳ್ಳುವ ಓದುಗರು, ಸಮಯಕ್ಕೆ ಹಣ ಕೊಡುವ ಪತ್ರಿಕೆಗಳು, ಹೊಸ ಪುಸ್ತಕ ಕೊಳ್ಳುವ ಊರಿನ ಗ್ರಂಥಾಲಯ. ಕೊಟ್ಟಿಗೆಹಾರದಲ್ಲಿ ತೇಜಸ್ವಿ ಹೆಸರಿನ ಪ್ರತಿಷ್ಠಾನವಿದೆ. ಅಂಥ ಜಾಗಗಳಲ್ಲಿ ಈ ಸೀಮೆಯ ಹೊಸ ಬರಹಗಾರರಿಗೆ, ಛಾಯಾಗ್ರಾಹಕರಿಗೆ ಹಕ್ಕುಸ್ವಾಮ್ಯದ ತಿಳಿವಳಿಕೆ, ಮಾರಾಟದ ಪಾಠ ಹೇಳಿಕೊಡುವ ಕೆಲಸ ನಿರಂತರವಾಗಿ ನಡೆದರೆ ಎಷ್ಟೋ ಜನ ನಡುವೆಯೇ ಕೈಬಿಡುವುದು ತಪ್ಪುತ್ತದೆ.

ಭಾರತದ ಕಾನೂನಿನಲ್ಲಿ ಹಕ್ಕುಸ್ವಾಮ್ಯ ಲೇಖಕರ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ. ತೇಜಸ್ವಿಯವರ ಕೃತಿಗಳ ಹಕ್ಕು 2067ರ ಕೊನೆಯವರೆಗೂ ಇರುತ್ತದೆ. ಅವರ ಪುಸ್ತಕದ ಪಿಡಿಎಫ್ ನಿಮ್ಮ ಫೋನಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಪುಸ್ತಕವನ್ನೇ ಕೊಂಡು ಮಕ್ಕಳ ಕೈಗೆ ಕೊಡಿ. ಅದೇ ಅಂಗಡಿಯಲ್ಲಿ, ಇನ್ನೂ ಹೆಸರು ಮಾಡದ ಒಬ್ಬ ಹೊಸ ಲೇಖಕಿಯ ಅಥವಾ ಲೇಖಕನ ಪುಸ್ತಕವನ್ನೂ ಬೆಲೆ ಕೊಟ್ಟು ತನ್ನಿ. ಬೆಟ್ಟದ ಚಿತ್ರವೊಂದು ಇಷ್ಟವಾದರೆ ತೆಗೆದವರ ಹೆಸರಿನೊಂದಿಗೆ ಹಂಚಿ, ನಿಮ್ಮ ಹೋಂಸ್ಟೇಗೋ ಕ್ಯಾಲೆಂಡರಿಗೋ ಬೇಕಾದರೆ ಅವರಿಗೆ ಫೋನ್ ಮಾಡಿ, ಎಷ್ಟು ಕೊಡಬೇಕೆಂದು ಕೇಳಿ.